ನೀರಿಗೆ ಚಕ್ರ ತಾಗಿಸಿ ಹಾರುವ ವಿಮಾನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಣೆಕಟ್ಟೆಯ ನೀರಿನ ಮೇಲೆ ನಾಲ್ಕು ಹಳೇ ವಿಮಾನಗಳು ಜೊತೆಯಾಗಿ ಬರುತ್ತವೆ. ಚಕ್ರ ನೀರಿಗೆ ತಾಗುತ್ತದೆ. ಹಿಂದೆ ಬಿಳಿ ಗೆರೆ ಎಳೆದುಕೊಂಡು ಒಂದಷ್ಟು ದೂರ ಹೋಗುತ್ತವೆ. ಆಮೇಲೆ ಏನೂ ಆಗಿಲ್ಲವೆಂಬಂತೆ ಮೇಲೇಳುತ್ತವೆ. ಈ ವಿಡಿಯೋ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಒಂದು ಸುತ್ತು ಹಾಕಿ ಬರುತ್ತದೆ. ಪ್ರತಿ ಸಲವೂ ಯಾರಾದರೂ ಅದನ್ನು ನನಗೆ ಕಳಿಸಿ ಏನಾದರೂ ಕೇಳುತ್ತಾರೆ. ಕೇಳಿದ್ದನ್ನೇ ಕೇಳುವವರು ಜಾಸ್ತಿಯಾದ್ದರಿಂದ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು, ಲೆಕ್ಕದವು ಕೊನೆಗೆ.

## ಮೊದಲು ಕೇಳುವವು

ಆ ನಾಲ್ಕು ವಿಮಾನದ ವಿಡಿಯೋ ನಿಜಾನಾ, ಇಲ್ಲ ಕಂಪ್ಯೂಟರ್‌ನಲ್ಲಿ ಮಾಡಿದ್ದಾ?

ನಿಜ. ದಕ್ಷಿಣ ಆಫ್ರಿಕಾದ 'ಫ್ಲೈಯಿಂಗ್ ಲಯನ್ಸ್' ಎಂಬ ತಂಡದವರು ಮಾಡಿದ್ದು. ಜೊಹಾನ್ಸ್‌ಬರ್ಗ್ ಕಡೆಯ ಕ್ಲಿಪ್‌ಡ್ರಿಫ್ಟ್ ಅಣೆಕಟ್ಟೆಯ ನೀರು ಅದು. ಮುಂದಾಳು ಸ್ಕಲಿ ಲೆವಿನ್. ಜೊತೆಗಿದ್ದವರು ಆರ್ನಿ ಮೆನೆಗೆಲ್ಲಿ, ಸ್ಟುವರ್ಟ್ ಲಿತ್‌ಗೋ ಮತ್ತು ಎಲಿಸ್ ಲೆವಿನ್. ವಿಮಾನಗಳು ಹಾರ್ವರ್ಡ್, ಅಂದರೆ ಎರಡನೇ ಮಹಾಯುದ್ಧದ ಕಾಲದ ತರಬೇತಿ ವಿಮಾನ.

ಸುಮ್ನೆ ಹೋಗಿ ಮಾಡಿದ್ದಲ್ಲ. ಅಲ್ಲಿನ ನಾಗರಿಕ ವಿಮಾನಯಾನ ಇಲಾಖೆಯ ಒಪ್ಪಿಗೆ ಪಡೆದಿದ್ದರು. ನೀರಿನಲ್ಲಿ ಮುಳುಗುಗಾರರು, ಮೇಲೆ ರಕ್ಷಣಾ ಹೆಲಿಕಾಪ್ಟರ್ ಕಾಯುತ್ತಿದ್ದವು. ವಿಡಿಯೋ ಕಳಿಸುವವರು ಈ ಭಾಗವನ್ನು ಮಾತ್ರ ಯಾಕೋ ಯಾವಾಗಲೂ ಬಿಟ್ಟುಬಿಡುತ್ತಾರೆ.

ವಿಮಾನ ಅಲ್ಲಿ ನೀರಿನ ಮೇಲೆ ಓಡ್ತಾ ಇದೆಯಾ, ಹಾರ್ತಾ ಇದೆಯಾ?

ಹಾರುತ್ತಿದೆ. ಈ ಪುಟದಲ್ಲಿ ಬೇರೇನೂ ನೆನಪಿಡದಿದ್ದರೂ ಇದೊಂದನ್ನು ನೆನಪಿಡಿ. ವಿಮಾನದ ಭಾರ ಹೊತ್ತಿರುವುದು ರೆಕ್ಕೆ. ಚಕ್ರ ನೀರನ್ನು ಸವರಿಕೊಂಡು ಹೋಗುತ್ತಿದೆ, ಅಷ್ಟೇ. ನೀರು ಕೊಡುವ ಆಸರೆ ಸಣ್ಣದು. ರೆಕ್ಕೆ ಕೈಬಿಟ್ಟ ಕ್ಷಣ ಆ ಆಸರೆ ಸಾಕಾಗುವುದಿಲ್ಲ.

ಅದಕ್ಕೇ ನೀರಿನ ಮೇಲೆ 'ನಿಧಾನ ಮಾಡೋಣ' ಎನ್ನುವ ಆಯ್ಕೆ ಪೈಲಟ್‌ಗೆ ಇಲ್ಲ. ರನ್‌ವೇ ಮೇಲೆ ಚಕ್ರ ಮುಟ್ಟಿದರೆ ಹಾರಾಟ ಮುಗಿಯಿತು. ಇಲ್ಲಿ ಮುಟ್ಟಿದ ಮೇಲೂ ಹಾರುತ್ತಲೇ ಇರಬೇಕು.

ನೀರು ಮೆತ್ತಗಲ್ವಾ? ಚಕ್ರ ಒಳಗೆ ಹೋಗಿಬಿಡಲ್ವಾ?

ಬಾವಿಗೆ ಹೊಟ್ಟೆ ಅಡಿಯಾಗಿ ಬಿದ್ದವರನ್ನು ಕೇಳಿ ನೋಡಿ, ನೀರು ಎಷ್ಟು ಮೆತ್ತಗೆ ಅಂತ. ನಿಧಾನಕ್ಕೆ ಇಳಿದರೆ ನೀರು ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ಜೋರಾಗಿ ಬಡಿದರೆ ಸರಿಯಲು ಅದಕ್ಕೆ ಸಮಯವೇ ಇರುವುದಿಲ್ಲ, ತಿರುಗಿ ತಳ್ಳುತ್ತದೆ. ವೇಗ ಎರಡು ಪಟ್ಟಾದರೆ ಈ ತಳ್ಳು ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 150 ಕಿ.ಮೀ. ವೇಗದಲ್ಲಿ ಬರುವ ಟೈರಿಗೆ ನೀರಿನ ಮೇಲ್ಮೈ ಬಹುಮಟ್ಟಿಗೆ ಗಟ್ಟಿ ನೆಲದಂತೆ ಇರುತ್ತದೆ.

ಬಹುಮಟ್ಟಿಗೆ ಅಂದೆ, ಪೂರ್ತಿ ಅನ್ನಲಿಲ್ಲ. ನೆಲ ಕೆಳಗೆ ತಳ್ಳಿದಷ್ಟೂ ಮೇಲೆ ಎತ್ತುತ್ತದೆ. ನೀರು ಎತ್ತುವುದರ ಜೊತೆಗೆ ಹಿಂದಕ್ಕೂ ಎಳೆಯುತ್ತದೆ. ಅಪಾಯ ಇರುವುದು ಆ ಎಳೆತದಲ್ಲಿ.

ಹಾಗಾದರೆ ಇದೂ ಸೀಪ್ಲೇನೇ ಅಲ್ವಾ?

ಅಲ್ಲ. ಸೀಪ್ಲೇನ್‌ಗೆ ಕಾಲಲ್ಲಿ ದೋಣಿಯಂಥ ತೇಲುಗಳಿರುತ್ತವೆ, ಇಲ್ಲವೇ ಅದರ ಹೊಟ್ಟೆಯೇ ದೋಣಿಯ ಆಕಾರದಲ್ಲಿರುತ್ತದೆ. ಅದು ನಿಂತರೂ ತೇಲುತ್ತದೆ. ಕಾಡ್ಗಿಚ್ಚು ಆರಿಸುವ ಕೆನಡಾದ ಸಿಎಲ್-415 ವಿಮಾನ ಕೆರೆಯ ಮೇಲೆ ಹೊಟ್ಟೆ ಸವರುತ್ತಲೇ 12 ಸೆಕೆಂಡಿನಲ್ಲಿ 6,000 ಲೀಟರಿಗೂ ಜಾಸ್ತಿ ನೀರು ತುಂಬಿಕೊಳ್ಳುತ್ತದೆ. ನೋಡಲು ಇದಕ್ಕಿಂತ ದೊಡ್ಡ ಸಾಹಸ. ಆದರೆ ಅದನ್ನು ಕಟ್ಟಿರುವುದೇ ಆ ಕೆಲಸಕ್ಕೆ. ಹಾರ್ವರ್ಡ್‌ನ ಚಕ್ರವನ್ನು ನೀರಿಗೆಂದು ಯಾರೂ ಮಾಡಿದ್ದಲ್ಲ.

ಇದರಿಂದ ಏನಾದರೂ ಉಪಯೋಗ ಇದೆಯಾ, ಬರೀ ಶೋಕಿನಾ?

ಪ್ರದರ್ಶನದಲ್ಲಿ ಮಾಡುವುದು ಶೋಕಿಯೇ. ಮುಚ್ಚುಮರೆ ಯಾಕೆ? ಆದರೆ ಅಲಾಸ್ಕಾದ ಕಾಡುಮೇಡಿನ ಪೈಲಟ್‌ಗಳಿಗೆ ಇದು ಕಸುಬಿನ ಪಟ್ಟು.

ಅಲ್ಲಿ ಬಹಳ ಕಡೆ ರಸ್ತೆಯೇ ಇಲ್ಲ. ಬೇಟೆಗಾರರನ್ನೋ ಮೀನು ಹಿಡಿಯುವವರನ್ನೋ ಸಾಮಾನನ್ನೋ ನದಿ ನಡುವಿನ ಜಲ್ಲಿಕಲ್ಲಿನ ದಿಬ್ಬದ ಮೇಲೆ ಇಳಿಸಬೇಕು. ದಿಬ್ಬ ತೀರಾ ಗಿಡ್ಡ. ನೇರವಾಗಿ ಅದರ ಮೇಲೇ ಇಳಿದರೆ ನಿಲ್ಲುವುದರೊಳಗೆ ಆಚೆ ತುದಿ ಬಂದುಬಿಡುತ್ತದೆ. ಅದಕ್ಕೆ ದಿಬ್ಬಕ್ಕೆ ಮುಂಚೆಯೇ ನೀರಿಗೆ ಚಕ್ರ ತಾಗಿಸುತ್ತಾರೆ. ನೀರಿನ ಎಳೆತದಿಂದ ವೇಗ ಕಡಿಮೆಯಾಗುತ್ತದೆ. ಇನ್ನೇನು ಮುಳುಗಬೇಕು ಅನ್ನುವಷ್ಟರಲ್ಲಿ ಚಕ್ರದಡಿ ಕಲ್ಲು ಸಿಗುತ್ತದೆ. ಅಲ್ಲಿ ನೀರೇ ಬ್ರೇಕು.

ಈ ಕೆಲಸಕ್ಕೆ ಪೈಪರ್ ಸೂಪರ್ ಕಬ್ ಎಂಬ ಪುಟ್ಟ ವಿಮಾನ ಅಲ್ಲಿ ಎಲ್ಲರ ಅಚ್ಚುಮೆಚ್ಚು. ಅದಕ್ಕೆ ದಪ್ಪ, ಮೆತ್ತನೆಯ 'ಟಂಡ್ರಾ ಟೈರ್' ಹಾಕುತ್ತಾರೆ. ಕೆಲವು 31 ಇಂಚು, 35 ಇಂಚು ಎತ್ತರ ಇರುತ್ತವೆ. ಪುಟ್ಟ ವಿಮಾನಕ್ಕೆ ಟ್ರ್ಯಾಕ್ಟರ್ ಚಕ್ರ ಸಿಕ್ಕಿಸಿದ ಹಾಗೆ ಕಾಣುತ್ತದೆ.

## ವಿಮಾನದ ವಿಷಯ

ಯಾಕೆ ಯಾವಾಗಲೂ ಹಳೇ ಕಾಲದ ವಿಮಾನಗಳೇ ಇದನ್ನು ಮಾಡೋದು?

ಹಳೆಯದು ಅಂತಲ್ಲ, ಬಾಲದಡಿ ಪುಟ್ಟ ಚಕ್ರ ಇರುವ ವಿಮಾನ ಅಂತ. ಹಾರ್ವರ್ಡ್, ಸೂಪರ್ ಕಬ್ ಎರಡೂ ಆ ಜಾತಿ. ಮೂತಿಯ ಕೆಳಗೆ ಚಕ್ರ ಇಲ್ಲ. ಮುಂದಿನ ಎರಡು ದೊಡ್ಡ ಚಕ್ರಗಳನ್ನಷ್ಟೇ ನೀರಿಗೆ ಮುಟ್ಟಿಸಬಹುದು. ಈಗಿನ ಹೆಚ್ಚಿನ ವಿಮಾನಗಳಿಗೆ ಮೂತಿಯಡಿಯಲ್ಲೂ ಒಂದು ಸಣ್ಣ ಚಕ್ರ ಇರುತ್ತದೆ. ಅದು ನೀರಿಗೆ ಸಿಕ್ಕರೆ ಮೂತಿಯನ್ನು ಹಿಡಿದು ಎಳೆದ ಹಾಗೆ. ಮುಂದಿನದು ಪಲ್ಟಿಯೇ.

ಹಾರ್ವರ್ಡ್‌ಗೆ ಬೇರೆ ಗುಣಗಳೂ ಇವೆ. ಒಂಬತ್ತು ಸಿಲಿಂಡರಿನ 600 ಅಶ್ವಶಕ್ತಿಯ ಎಂಜಿನ್, ಗಟ್ಟಿಮುಟ್ಟಾದ ಕಾಲು, ತಪ್ಪು ಮಾಡುವ ವಿದ್ಯಾರ್ಥಿಗಳನ್ನು ತಡೆದುಕೊಳ್ಳಲೆಂದೇ ಕಟ್ಟಿದ ಮೈ. ದಕ್ಷಿಣ ಆಫ್ರಿಕಾದ ವಾಯುಪಡೆ 1995ರವರೆಗೂ ಇದರಲ್ಲೇ ಪೈಲಟ್‌ಗಳನ್ನು ತಯಾರು ಮಾಡಿತು. ಹಾಗಾಗಿ ಅಲ್ಲಿ ವಿಮಾನವೂ ಸಿಗುತ್ತದೆ, ಅದರ ನಾಡಿ ಬಲ್ಲವರೂ ಸಿಗುತ್ತಾರೆ. ನಮ್ಮ ವಾಯುಪಡೆಯಲ್ಲೂ ಒಂದು ತಲೆಮಾರಿನ ಪೈಲಟ್‌ಗಳು ಹಾರ್ವರ್ಡ್‌ನಲ್ಲೇ ಪಳಗಿದರು. ಅದರ ಸದ್ದು ಒಮ್ಮೆ ಕೇಳಿದರೆ ಮರೆಯುವುದಿಲ್ಲ ಎಂದು ಆ ಕಾಲದವರು ಹೇಳುತ್ತಾರೆ.

ಹಡ್ಸನ್ ನದಿಗೆ ಇಳಿದ ಏರ್‌ಬಸ್ ಚಕ್ರ ಬಿಟ್ಟಿರಲಿಲ್ಲ. ಇವರು ಮಾತ್ರ ಚಕ್ರವನ್ನೇ ತಾಗಿಸ್ತಾರಲ್ಲ?

ಒಳ್ಳೆಯ ಪ್ರಶ್ನೆ. ಎರಡೂ ಸರಿಯೇ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಆ ಎ320ಗೆ ನೀರಿನಲ್ಲೇ *ನಿಲ್ಲಬೇಕಿತ್ತು*. ಎರಡೂ ಎಂಜಿನ್ ಸತ್ತಿದ್ದವು. ನಿಲ್ಲುವಾಗ ವೇಗ ಇಳಿಯುತ್ತದೆ, ಚಕ್ರ ಮುಳುಗುತ್ತದೆ, ಮುಳುಗಿದ ಚಕ್ರ ಲಂಗರಿನಂತೆ ಹಿಡಿದು ವಿಮಾನವನ್ನು ಮಗುಚುತ್ತದೆ. ಅದಕ್ಕೆ ನೀರಿಗಿಳಿಯುವಾಗ ಚಕ್ರ ಒಳಗಿರಲಿ ಎಂಬುದೇ ನಿಯಮ. ಹಾರ್ವರ್ಡ್ ತಂಡದವರು ನಿಲ್ಲುವುದೇ ಇಲ್ಲ.

ನೆಲಕ್ಕೂ ನೀರಿಗೂ ಇಳಿಯಬಲ್ಲ ಸೀಪ್ಲೇನ್‌ಗಳಲ್ಲಿ ಇದೇ ಕಾರಣಕ್ಕೆ ಒಂದು ಕುಖ್ಯಾತ ತಪ್ಪಿದೆ. ಚಕ್ರ ಮೇಲೆತ್ತುವುದನ್ನು ಮರೆತು ಕೆರೆಗೆ ಇಳಿಯುವುದು. ಕ್ಷಣದಲ್ಲಿ ವಿಮಾನ ತಲೆಕೆಳಗಾಗುತ್ತದೆ. ಆ ಪೈಲಟ್‌ಗಳು ಇಳಿಯುವ ಮುಂಚೆ ಬಾಯಿಬಿಟ್ಟು "ಇದು ನೀರಿನ ಇಳಿತ, ಚಕ್ರ ಮೇಲಿದೆ" ಎಂದು ಹೇಳಿಕೊಳ್ಳುವುದು ಅದಕ್ಕೇ.

ನಮ್ಮ ಸೂರ್ಯಕಿರಣ ತಂಡದವರು ಇದನ್ನು ಮಾಡಬಹುದಾ?

ಕೌಶಲ್ಯದ ಪ್ರಶ್ನೆಯಲ್ಲ, ಯಂತ್ರದ ಪ್ರಶ್ನೆ. ಬೀದರ್‌ನ ಸೂರ್ಯಕಿರಣ ತಂಡ ಈಗ ಹಾರಿಸುವುದು ಹಾಕ್ ಜೆಟ್. ಅದಕ್ಕೆ ಮೂತಿಯಡಿ ಚಕ್ರ ಇದೆ, ಪಕ್ಕದಲ್ಲಿ ಗಾಳಿ ಎಳೆದುಕೊಳ್ಳುವ ಬಾಯಿಗಳಿವೆ. ಚಕ್ರ ಚಿಮ್ಮಿಸಿದ ನೀರು ಆ ಬಾಯೊಳಗೆ ಹೋದರೆ ಎಂಜಿನ್ ನಿಂತುಹೋಗಬಹುದು. ರೆಕ್ಕೆಗೆ ರೆಕ್ಕೆ ಕೆಲವೇ ಮೀಟರ್ ಅಂತರದಲ್ಲಿ ಹಾರುವ ಅವರಿಗೆ ಬೇರೆ ಬಗೆಯ ಕಷ್ಟಗಳು ಬೇಕಾದಷ್ಟಿವೆ.

ನೀರು ತಾಗಿದ್ದರಿಂದ ವಿಮಾನಕ್ಕೆ ಏನೂ ಆಗಲ್ವಾ?

ಆಗುತ್ತದೆ. ಚಕ್ರದ ಬೇರಿಂಗ್‌ನ ಗ್ರೀಸ್ ತೊಳೆದುಹೋಗಬಹುದು. ಬ್ರೇಕ್ ಒದ್ದೆಯಾಗಿರುತ್ತದೆ, ಆಮೇಲೆ ರನ್‌ವೇ ಮೇಲೆ ಇಳಿಯುವಾಗ ಅದನ್ನು ನೆನಪಿಟ್ಟುಕೊಳ್ಳಬೇಕು. ಚಿಮ್ಮಿದ ನೀರು ರೆಕ್ಕೆಯ ಅಡಿಗೂ ಅದರ ಹಿಂಬದಿಯಲ್ಲಿ ಕೆಳಕ್ಕೆ ಬಾಗುವ ಫ್ಲ್ಯಾಪ್‌ಗೂ ಕಲ್ಲೆಸೆದ ಹಾಗೆ ಬಡಿಯುತ್ತದೆ. ಪ್ರೊಪೆಲರ್ ತುದಿಗೆ ನೀರಹನಿ ಸಿಕ್ಕರೆ ಲೋಹವೇ ಸವೆಯುತ್ತದೆ. ಇದೆಲ್ಲ ಸಿಹಿನೀರಿನ ಕತೆ. ಸಮುದ್ರದಲ್ಲಾದರೆ ಉಪ್ಪಿನಿಂದ ತುಕ್ಕು ಬೇರೆ.

## ಪೈಲಟ್ ಸೀಟಿನಲ್ಲಿ

ನೀರು ಎಷ್ಟು ಕೆಳಗಿದೆ ಅಂತ ಮೀಟರ್ ನೋಡಿ ತಿಳ್ಕೊಳ್ತಾರಾ?

ಮೀಟರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ವಿಮಾನದ ಮಾಮೂಲಿ ಎತ್ತರಮಾಪಕ ಗಾಳಿಯ ಒತ್ತಡ ಅಳೆದು ಎತ್ತರ ಹೇಳುತ್ತದೆ. ಒತ್ತಡದಲ್ಲಿ ಒಂದೇ ಒಂದು ಹೆಕ್ಟೊಪಾಸ್ಕಲ್ ವ್ಯತ್ಯಾಸವಾದರೆ ಎತ್ತರದಲ್ಲಿ ಸುಮಾರು 8 ಮೀಟರ್ ತಪ್ಪು. ಇವರಿಗೆ ಬೇಕಿರುವುದು ಇಂಚಿನ ಲೆಕ್ಕ. ಹಾಗಾಗಿ ಕಣ್ಣೇ ಗತಿ.

ಕಣ್ಣಿಗೆ ಆಧಾರ ಬೇಕಲ್ಲ, ಅದು ನೀರಿನ ಮೇಲಿನ ಸಣ್ಣ ಅಲೆ. ತಿಳಿಯದವರು ಕನ್ನಡಿಯಂಥ ನಿಶ್ಚಲ ನೀರೇ ಇದಕ್ಕೆ ಚೆಂದ ಅಂದುಕೊಳ್ಳುತ್ತಾರೆ. ಅದಕ್ಕಿಂತ ಮೋಸದ ನೀರು ಇನ್ನೊಂದಿಲ್ಲ. ಕನ್ನಡಿಯಲ್ಲಿ ಕಾಣುವುದು ಆಕಾಶ, ಕನ್ನಡಿ ಅಲ್ಲ. ಎತ್ತರ ಹತ್ತಡಿಯೋ ಐವತ್ತಡಿಯೋ ಗೊತ್ತೇ ಆಗುವುದಿಲ್ಲ. ಸೀಪ್ಲೇನ್ ಪೈಲಟ್‌ಗಳಿಗೆ ಇಂಥ ನೀರಿಗೆ ಇಳಿಯುವ ವಿಧಾನವನ್ನೇ ಬೇರೆಯಾಗಿ ಕಲಿಸುತ್ತಾರೆ. ಕಣ್ಣನ್ನು ನಂಬಬೇಡ, ಒಂದೇ ಹದದಲ್ಲಿ ನಿಧಾನಕ್ಕೆ ಇಳಿಯುತ್ತಾ ಇರು, ನೀರು ಬಂದಾಗ ಬರುತ್ತದೆ, ಅಂತ. ತೆಳುವಾದ ಗಾಳಿಗೆ ನೀರು ಪುಳಪುಳ ಅಲುಗುತ್ತಿರುವ ಬೆಳಗಿನ ಹೊತ್ತು ಈ ಆಟಕ್ಕೆ ಒಳ್ಳೆಯದು.

ನೀರಿನ ಮೇಲೆ ಎತ್ತರ ಅಳೆಯುವ ಕಷ್ಟಕ್ಕೆ ಒಂದು ಹಳೇ ಕತೆ ಇದೆ. 1943ರ ಮೇ 16ರ ರಾತ್ರಿ ಬ್ರಿಟನ್ನಿನ 19 ಲ್ಯಾಂಕಾಸ್ಟರ್ ಬಾಂಬರ್‌ಗಳು ಜರ್ಮನಿಯ ಅಣೆಕಟ್ಟೆಗಳನ್ನು ಒಡೆಯಲು ಹೊರಟವು. ಬಾರ್ನ್ಸ್ ವಾಲಿಸ್ ಎಂಬ ಎಂಜಿನಿಯರ್ ಮಾಡಿದ ಬಾಂಬ್ ನೀರಿನ ಮೇಲೆ ಕುಪ್ಪಳಿಸಿ ಹೋಗಬೇಕಾದರೆ ಸರಿಯಾಗಿ 60 ಅಡಿ ಎತ್ತರದಿಂದ ಬೀಳಬೇಕಿತ್ತು. ಕತ್ತಲಲ್ಲಿ 60 ಅಡಿ ಗೊತ್ತಾಗುವುದು ಹೇಗೆ? ವಿಮಾನದ ಅಡಿಗೆ ಎರಡು ದೀಪ ಕಟ್ಟಿದರು. ಅವುಗಳ ಬೆಳಕಿನ ಮಚ್ಚೆಗಳು ನೀರಿನ ಮೇಲೆ ಒಂದಕ್ಕೊಂದು ತಾಗಿದರೆ ಅದೇ 60 ಅಡಿ. ಎಷ್ಟು ಸರಳ ನೋಡಿ.

ಚಕ್ರ ತಾಗಿದ ಕ್ಷಣ ಪೈಲಟ್ ಕೈಯಲ್ಲಿ ಏನು ನಡೀತಿರುತ್ತೆ?

ಚಕ್ರ ಇರುವುದು ವಿಮಾನದ ಅಡಿಯಲ್ಲಿ. ನೀರು ಅದನ್ನು ಹಿಂದಕ್ಕೆ ಎಳೆದರೆ ಮೂತಿ ಕೆಳಕ್ಕೆ ಬಾಗುತ್ತದೆ. ಓಡುವವನ ಕಾಲಿಗೆ ಕಾಲು ಕೊಟ್ಟರೆ ಮುಗ್ಗರಿಸುತ್ತಾನಲ್ಲ, ಹಾಗೆ. ಮೂತಿ ಬಾಗಿದರೆ ಚಕ್ರ ಇನ್ನೂ ಆಳಕ್ಕೆ ಹೋಗುತ್ತದೆ, ಆಗ ಎಳೆತವೂ ಜಾಸ್ತಿ, ಮೂತಿ ಇನ್ನೂ ಬಾಗುತ್ತದೆ. ಈ ಸರಪಳಿ ಶುರುವಾಗುವ ಮುಂಚೆಯೇ ತಡೆಯಬೇಕು.

ಅದಕ್ಕೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಬಲಗೈ ಸ್ಟಿಕ್ಕನ್ನು ಹಿಂದಕ್ಕೆ ಒಂಚೂರು ಬಿಗಿಯಾಗಿ ಹಿಡಿದಿರುತ್ತದೆ. ಎಡಗೈ ಥ್ರಾಟಲ್ ಮುಂದಕ್ಕೆ ತಳ್ಳಿ, ನೀರು ಕಸಿದುಕೊಂಡ ವೇಗವನ್ನು ಎಂಜಿನ್‌ನಿಂದ ತುಂಬಿಸುತ್ತದೆ. ತುಂಬಾ ಕೆಳಗೆ ಹಾರುವವರು ಸಾಮಾನ್ಯವಾಗಿ ಮೂತಿ ಸ್ವಲ್ಪ ಮೇಲಕ್ಕೇ ಏಳುವ ಹಾಗೆ ಮೊದಲೇ ಟ್ರಿಮ್ ಮಾಡಿಕೊಂಡಿರುತ್ತಾರೆ, ಅಂದರೆ ವಿಮಾನದ ಹದ ಹೊಂದಿಸಿಟ್ಟಿರುತ್ತಾರೆ. ಕೈ ಸಡಿಲವಾದರೆ ವಿಮಾನ ಮೇಲಕ್ಕೆ ಹೋಗಲಿ, ಕೆಳಕ್ಕಲ್ಲ ಅಂತ.

ಲೆಕ್ಕ ಹಾಕಿ ನೋಡಿ. 80 ನಾಟ್ ವೇಗ ಅಂದರೆ ಸೆಕೆಂಡಿಗೆ 41 ಮೀಟರ್. ವಿಮಾನದ ದಾರಿ ಒಂದೇ ಒಂದು ಡಿಗ್ರಿ ಕೆಳಗೆ ವಾಲಿದರೆ ಅರ್ಧ ಸೆಕೆಂಡಿನಲ್ಲಿ 36 ಸೆಂಟಿಮೀಟರ್ ಇಳಿದಿರುತ್ತದೆ. ಹಾರ್ವರ್ಡ್‌ನ ಚಕ್ರ 27 ಇಂಚು ಎತ್ತರ, ಅಚ್ಚಿನ ತನಕ 34 ಸೆಂಟಿಮೀಟರ್. ಅಂದರೆ ಕಣ್ಣು ಮಿಟುಕಿಸುವುದರೊಳಗೆ ಅರ್ಧ ಚಕ್ರ ನೀರೊಳಗೆ. ಹೆದರಿ ಥ್ರಾಟಲ್ ಹಿಂದಕ್ಕೆ ಎಳೆಯುವುದು ಮನುಷ್ಯರ ಸಹಜ ಬುದ್ಧಿ. ಇಲ್ಲಿ ಅದೇ ಅತಿ ಕೆಟ್ಟ ತಪ್ಪು.

ಒಬ್ಬರು ಮಾಡೋದೇ ಕಷ್ಟ, ನಾಲ್ಕು ಜನ ಒಟ್ಟಿಗೆ ಹೇಗೆ?

ಒಟ್ಟಾಗಿ ಹಾರುವಾಗ ಪಕ್ಕದವರು ನೋಡುವುದು ಮುಂದಾಳುವಿನ ವಿಮಾನವನ್ನು. ನೀರನ್ನು ನೋಡುತ್ತಾ ಕೂರುವಂತಿಲ್ಲ. ಹಾಗಾಗಿ ಮುಂದಾಳು ಒಬ್ಬನೇ ನಾಲ್ವರ ಎತ್ತರವನ್ನೂ ಅಳೆಯುತ್ತಿರುತ್ತಾನೆ ಅಂದರೂ ತಪ್ಪಲ್ಲ. ಅವನ ಕೈ ನಡುಗಿದರೆ ಎಲ್ಲರ ಕೈಯೂ ನಡುಗಿದಂತೆ.

ಇನ್ನೊಂದು ತೊಡಕು ನೀರಿನದ್ದು. ಒಬ್ಬರ ನೇರ ಹಿಂದೆ ಇನ್ನೊಬ್ಬರು ಇರುವಂತಿಲ್ಲ. ಮುಂದಿನವರು ಎಬ್ಬಿಸಿದ ತುಂತುರು ಗಾಜಿಗೆ ಬಡಿದರೆ ಮುಗಿಯಿತು, ಏನೂ ಕಾಣುವುದಿಲ್ಲ. ಅವರ ರೆಕ್ಕೆ ಕಲಕಿದ ಗಾಳಿಯೂ ಅಲ್ಲೇ ಇರುತ್ತದೆ. ಸ್ಕಲಿ ಲೆವಿನ್ ವಿಮಾನಯಾನ ಸಂಸ್ಥೆಯೊಂದರ ಕ್ಯಾಪ್ಟನ್ ಆಗಿ ಜಂಬೋ ಗಾತ್ರದ ವಿಮಾನಗಳನ್ನೂ ಹಾರಿಸಿದವರು. ವರ್ಷಗಟ್ಟಲೆ ಜೊತೆಗೇ ಹಾರಿದ ನಂಬಿಕೆ ಇಲ್ಲದೆ ಇಂಥದ್ದಕ್ಕೆ ಕೈಹಾಕಲಾಗುವುದಿಲ್ಲ ಎಂಬುದು ನನ್ನ ಅನಿಸಿಕೆ.

ತಪ್ಪಿದರೆ ಏನಾಗುತ್ತೆ?

ವಿಮಾನ ಮೂತಿ ಮೇಲೆ ಮಗುಚಿ ತಲೆಕೆಳಗಾಗಿ ಬೀಳುತ್ತದೆ. ಅಲಾಸ್ಕಾದಲ್ಲೂ ಬೇರೆ ಕಡೆಯೂ ಹೀಗೆ ಮಗುಚಿಕೊಂಡವರು ಒಬ್ಬಿಬ್ಬರಲ್ಲ. ಬಡಿತಕ್ಕೆ ಸಾಯದವರು ಆಮೇಲೆ ಮುಳುಗಿ ಸಾಯುವುದುಂಟು. ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಾ, ತಣ್ಣಗಿನ ಕೊಳಕು ನೀರು ಒಳನುಗ್ಗುವಾಗ ಯಾವುದು ಮೇಲೆ ಯಾವುದು ಕೆಳಗೆ ಅನ್ನುವುದೇ ತಿಳಿಯುವುದಿಲ್ಲ. ನೀರಿನ ಮೇಲೆ ಹಾರುವವರಿಗೆ ಇದಕ್ಕೂ ತರಬೇತಿ ಇದೆ. ಒಂದು ಕೈಯಲ್ಲಿ ಬಾಗಿಲಿನ ಹಿಡಿಯನ್ನೋ ಚೌಕಟ್ಟನ್ನೋ ಹಿಡಿದುಕೊಳ್ಳಬೇಕು, ಬೆಲ್ಟನ್ನು ಕೊನೆಗೆ ಬಿಚ್ಚಬೇಕು. ಮೊದಲೇ ಬಿಚ್ಚಿದರೆ ತೇಲಿ ದಿಕ್ಕು ತಪ್ಪುತ್ತದೆ. ಕ್ಲಿಪ್‌ಡ್ರಿಫ್ಟ್‌ನಲ್ಲಿ ಮುಳುಗುಗಾರರನ್ನು ಇಟ್ಟಿದ್ದು ಇದಕ್ಕೇ.

ಗೊತ್ತಿಲ್ಲದೆ ನೀರಿಗೆ ತಾಗಿಸಿ ಬದುಕಿದವರು ಇದ್ದಾರಾ?

ಇದ್ದಾರೆ. 2010ರ ಜೂನ್‌ನಲ್ಲಿ ಕೆನಡಾದ ವಿಂಡ್ಸರ್‌ನಲ್ಲಿ ವಿಮಾನಗಳ ರೇಸ್ ನಡೆಯುತ್ತಿತ್ತು. ಆಸ್ಟ್ರೇಲಿಯಾದ ಮ್ಯಾಟ್ ಹಾಲ್ ತಿರುವಿನಲ್ಲಿ ವಿಮಾನವನ್ನು ಅತಿಯಾಗಿ ಎಳೆದರು, ರೆಕ್ಕೆ ಗಾಳಿಯ ಹಿಡಿತ ಕಳೆದುಕೊಂಡಿತು, ವಿಮಾನ ಡೆಟ್ರಾಯ್ಟ್ ನದಿಗೆ ಬಡಿದು ಪುಟಿದು ಮತ್ತೆ ಹಾರಿತು. ಅದು ಪಟ್ಟಲ್ಲ, ಅದೃಷ್ಟ. ಅದೇ ವರ್ಷ ಏಪ್ರಿಲ್‌ನಲ್ಲಿ ಪರ್ತ್‌ನಲ್ಲಿ ಬ್ರೆಜಿಲ್‌ನ ಅಡಿಲ್ಸನ್ ಕಿಂಡಲ್‌ಮನ್ ಅವರ ವಿಮಾನ ಸ್ವಾನ್ ನದಿಗೆ ಬಿದ್ದಿತ್ತು. ಅವರೂ ಬದುಕಿದರು, ವಿಮಾನ ಉಳಿಯಲಿಲ್ಲ.

ಮೇಲೆ ಹೇಳಿದ 1943ರ ದಾಳಿಯಲ್ಲೂ ಒಬ್ಬರಿದ್ದಾರೆ. ಜೆಫ್ ರೈಸ್ ಅವರ ಲ್ಯಾಂಕಾಸ್ಟರ್ ಹಾಲೆಂಡಿನ ತೀರದಲ್ಲಿ ಕೆಳಗೆ ಹಾರುತ್ತಾ ನೀರಿಗೆ ಬಡಿಯಿತು. ಹೊಟ್ಟೆಯಡಿಯ ಬಾಂಬ್ ಕಿತ್ತುಹೋಯಿತು. ಒಳಗೆ ನುಗ್ಗಿದ ನೀರು ಹಿಂಬದಿಯ ಗನ್ನರ್‌ನನ್ನು ತೋಯಿಸಿಬಿಟ್ಟಿತು. ಬಾಂಬೇ ಇಲ್ಲದ ಮೇಲೆ ಮುಂದೆ ಹೋಗಿ ಏನು ಮಾಡುವುದು? ವಾಪಸ್ ಬಂದರು. ಆ ರಾತ್ರಿ ಹೊರಟ 19 ವಿಮಾನಗಳಲ್ಲಿ 8 ಮರಳಲಿಲ್ಲ, 53 ಜನ ಸತ್ತರು.

## ನಮ್ಮ ಕಡೆಯ ಪ್ರಶ್ನೆಗಳು

ಕೆಆರ್‌ಎಸ್ ಹಿನ್ನೀರಲ್ಲೋ ಲಿಂಗನಮಕ್ಕಿಯಲ್ಲೋ ಇದನ್ನು ಮಾಡಬಹುದಾ?

ಅನುಮತಿ ಇಲ್ಲದೆ ಆಗುವುದಿಲ್ಲ. ಇಳಿಯುವಾಗ, ಏರುವಾಗ ಬಿಟ್ಟು ಉಳಿದಂತೆ ಜನವಸತಿ ಇಲ್ಲದ ಕಡೆಯೂ ನೆಲದಿಂದ ಅಥವಾ ನೀರಿನಿಂದ 500 ಅಡಿಗಿಂತ ಕೆಳಗೆ ಹಾರಬಾರದು ಎಂಬುದು ಅಂತರರಾಷ್ಟ್ರೀಯ ನಿಯಮ. ಊರು ಪಟ್ಟಣದ ಮೇಲೆ 1,000 ಅಡಿ. ಅದಕ್ಕಿಂತ ಕೆಳಗೆ ಬರಬೇಕಾದರೆ ಆಯಾ ದೇಶದ ಇಲಾಖೆ, ನಮ್ಮಲ್ಲಿ ಡಿಜಿಸಿಎ, ಒಪ್ಪಬೇಕು.

ಕಾಗದಪತ್ರ ಬದಿಗಿಡಿ. ನಮ್ಮ ಜಲಾಶಯಗಳಲ್ಲಿ ಮೀನಿನ ಬಲೆ, ತೆಪ್ಪ, ಹರಿಗೋಲು, ಮುಳುಗಿದ ಮರಗಳ ಬೊಡ್ಡೆ ಎಲ್ಲ ಇರುತ್ತವೆ. ಕೆರೆಗಳಲ್ಲಿ ಅಂತರಗಂಗೆ ಹಬ್ಬಿರುತ್ತದೆ. ಅಡ್ಡಲಾಗಿ ಹೋದ ಕರೆಂಟ್ ತಂತಿ ಪೈಲಟ್ ಕಣ್ಣಿಗೆ ಬೀಳುವುದೇ ಇಲ್ಲ. ಒಂದು ಚಕ್ರಕ್ಕೆ ಬಲೆಯ ಹಗ್ಗ ಸಿಕ್ಕರೂ ಸಾಕು.

ಬೆಂಗಳೂರಿನ ಕೆರೆಯಲ್ಲಿ ವಿಮಾನ ಇಳೀತಿತ್ತು ಅಂತಾರಲ್ಲ, ನಿಜಾನಾ?

ನಿಜ. ಆದರೆ ಚಕ್ರ ಸವರುವುದಲ್ಲ, ಸರಿಯಾದ ಸೀಪ್ಲೇನ್‌ಗಳೇ. 1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಮಹಾಯುದ್ಧದ ಹೊತ್ತಿಗೆ ಅಮೆರಿಕದ ವಿಮಾನಗಳ ರಿಪೇರಿ ಕೇಂದ್ರವಾಯಿತು. ಆಗ ಕ್ಯಾಟಲೀನಾ ಎಂಬ ದೋಣಿ ಹೊಟ್ಟೆಯ ವಿಮಾನಗಳು ಬೆಳ್ಳಂದೂರು ಕೆರೆಗೆ ಇಳಿಯುತ್ತಿದ್ದವು, ಅಲ್ಲಿಂದ ರಿಪೇರಿಗೆ ಹೋಗುತ್ತಿದ್ದವು. ಈಗ ಅದೇ ಕೆರೆ ನೊರೆಗೂ ಬೆಂಕಿಗೂ ಹೆಸರುವಾಸಿ. ಆ ನೊರೆಯ ಮೇಲೆ ಎತ್ತರ ಅಳೆಯುವ ಪೈಲಟ್ ಇನ್ನೂ ಹುಟ್ಟಿಲ್ಲ.

ನನ್ನ ಮಗನಿಗೆ ರಿಮೋಟ್‌ನ ಆರ್‌ಸಿ ವಿಮಾನ ಹಾರಿಸೋ ಹುಚ್ಚು. ಅದರಲ್ಲಿ ಮಾಡಬಹುದಾ?

ಧಾರಾಳವಾಗಿ. ಆಟಿಕೆ ವಿಮಾನ ಹಾರಿಸುವವರಲ್ಲಿ ಇದು ಜನಪ್ರಿಯ ಆಟವೇ. ಹಗುರ ವಿಮಾನ, ದೊಡ್ಡ ಫೋಮ್ ಚಕ್ರ, ಬಾಲದ ಚಕ್ರದ ಮಾದರಿ ಇದ್ದರೆ ಸುಲಭ. ರಿಸೀವರ್‌ಗೆ ನೀರು ತಾಗದಂತೆ ಸುತ್ತಿಡಿ. ಮೊದಲ ದಿನವೇ ನಾಲ್ಕು ಸಲ ಮುಳುಗಿಸುತ್ತಾನೆ, ಬೈಯಬೇಡಿ. ಎತ್ತಿಕೊಳ್ಳಲು ಕೆರೆಗೆ ಇಳಿಯಲು ಮಾತ್ರ ಬಿಡಬೇಡಿ, ದಡದಲ್ಲೇ ನಿಂತು ಹಗ್ಗಕ್ಕೆ ಚೆಂಡು ಕಟ್ಟಿ ಎಸೆದು ಎಳೆದುಕೊಳ್ಳಿ.

## ಲೆಕ್ಕ ಕೇಳುವವರಿಗೆ

ಟೈರ್ ಪ್ರೆಶರ್‌ಗೂ ಇದಕ್ಕೂ ಸಂಬಂಧ ಇದೆ ಅಂತ ಕೇಳಿದ್ದೆ. ಏನದು?

ಇದೆ. ಅಮೆರಿಕದ ನಾಸಾದಲ್ಲಿ ವಾಲ್ಟರ್ ಹಾರ್ನ್ ಮತ್ತು ರಾಬರ್ಟ್ ಡ್ರೇಹರ್ 1963ರಲ್ಲಿ ಇದನ್ನು ಬರೆದರು. ನೀರು ನಿಂತ ರನ್‌ವೇ ಮೇಲೆ ಟೈರ್ ಯಾವ ವೇಗದಲ್ಲಿ ನೆಲ ಬಿಟ್ಟು ನೀರಿನ ಮೇಲೇರುತ್ತದೆ ಎಂಬ ಲೆಕ್ಕ. ಇದಕ್ಕೆ ಹೈಡ್ರೋಪ್ಲೇನಿಂಗ್ ಎನ್ನುತ್ತಾರೆ. ಟೈರಿನ ಒತ್ತಡವನ್ನು ಪಿಎಸ್‌ಐನಲ್ಲಿ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ತೆಗೆದುಕೊಂಡು, ಅದರ ವರ್ಗಮೂಲವನ್ನು 9ರಿಂದ ಗುಣಿಸಿ. ಬಂದದ್ದೇ ಆ ವೇಗ, ನಾಟ್‌ಗಳಲ್ಲಿ. ಇನ್ನೂ ತಿರುಗಲು ಶುರು ಮಾಡದ, ಆಗಷ್ಟೇ ನೆಲ ಮುಟ್ಟಿದ ಚಕ್ರಕ್ಕೆ 9ರ ಬದಲು 7.7.

ಬೋಯಿಂಗ್ 737ರ ಟೈರ್ ಒತ್ತಡ ಸುಮಾರು 200 ಪಿಎಸ್‌ಐ. ವರ್ಗಮೂಲ 14.1, ಉತ್ತರ 127 ನಾಟ್. ಅದು ರನ್‌ವೇಗೆ ಮುಟ್ಟುವ ವೇಗವೂ ಇದರ ಆಸುಪಾಸಿನಲ್ಲೇ. ಮಳೆಗಾಲದಲ್ಲಿ ಪೈಲಟ್‌ಗಳು ತಲೆಕೆಡಿಸಿಕೊಳ್ಳುವುದು ಸುಮ್ನೆ ಅಲ್ಲ. ಟಂಡ್ರಾ ಟೈರಿನ ಒತ್ತಡ 10 ಪಿಎಸ್‌ಐಗೂ ಕಡಿಮೆ. 8 ಎಂದು ಹಿಡಿದರೆ 25 ನಾಟ್, ಗಂಟೆಗೆ 47 ಕಿ.ಮೀ. ಸೂಪರ್ ಕಬ್ ಹಾರಾಡಲು ಬೇಕಾದ ಕನಿಷ್ಠ ವೇಗವೇ ಸುಮಾರು 70 ಕಿ.ಮೀ. ಅಂದರೆ ಹಾರುತ್ತಿರುವ ಸೂಪರ್ ಕಬ್ ಆ 47ನ್ನು ಆಗಲೇ ದಾಟಿರುತ್ತದೆ.

ಹಾಗಾದರೆ ನನ್ನ ಕಾರೂ ಮಳೆಯಲ್ಲಿ ತೇಲುತ್ತಾ?

ಹೌದು, ಅದೇ ಲೆಕ್ಕ. ಪೆಟ್ರೋಲ್ ಬಂಕಿನಲ್ಲಿ "ಮೂವತ್ತೆರಡು ಹಾಕಪ್ಪ" ಎನ್ನುತ್ತೀರಲ್ಲ, ಅದು 32 ಪಿಎಸ್‌ಐ. ಸೂತ್ರದ ಪ್ರಕಾರ ಗಂಟೆಗೆ ಸುಮಾರು 94 ಕಿ.ಮೀ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನೀರು ನಿಂತ ಜಾಗಕ್ಕೆ ಆ ವೇಗದಲ್ಲಿ ನುಗ್ಗಿದರೆ ಸ್ಟೀರಿಂಗ್ ಹಗುರಾದಂತೆ ಅನಿಸುತ್ತದೆ. ಅಷ್ಟು ಹೊತ್ತು ನೀವೂ ಪೈಲಟ್. ಟೈರ್ ಸವೆದಿದ್ದರೆ, ಗಾಳಿ ಕಡಿಮೆ ಇದ್ದರೆ ಇನ್ನೂ ಬೇಗ. ಜೋರಾಗಿ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ತಿರುಗಿಸಬೇಡಿ, ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ.

ನೀರಿನ ಹತ್ತಿರ ಹಾರೋದು ಸುಲಭ, ಗಾಳಿಯೇ ಮೆತ್ತೆ ಹಾಸಿದ ಹಾಗಿರುತ್ತೆ ಅಂತಾರಲ್ಲ?

ಅರ್ಧ ಸತ್ಯ. ರೆಕ್ಕೆಯ ತುದಿಯಲ್ಲಿ ಗಾಳಿ ಸುಳಿಸುಳಿಯಾಗಿ ಹಿಂದಕ್ಕೆ ಹೋಗುತ್ತದೆ. ಆ ಸುಳಿ ಎಬ್ಬಿಸಲು ಖರ್ಚಾಗುವ ಶಕ್ತಿಯೇ ವಿಮಾನಕ್ಕೆ ಒಂದು ಎಳೆತ. ನೆಲವೋ ನೀರೋ ಹತ್ತಿರವಿದ್ದರೆ ಸುಳಿ ಪೂರ್ತಿ ಬೆಳೆಯುವುದಿಲ್ಲ. ರೆಕ್ಕೆಯ ಉದ್ದದಷ್ಟೇ ಎತ್ತರದಲ್ಲಿದ್ದರೆ ಈ ಲಾಭ ನೂರಕ್ಕೆ ಒಂದೂವರೆಯೂ ಇಲ್ಲ. ಹತ್ತನೇ ಒಂದರಷ್ಟು ಎತ್ತರಕ್ಕೆ ಬಂದರೆ ಆ ಎಳೆತ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹಾರ್ವರ್ಡ್‌ನ ರೆಕ್ಕೆ ತುದಿಯಿಂದ ತುದಿಗೆ 12.8 ಮೀಟರ್, ರೆಕ್ಕೆ ಇರುವುದೂ ಕೆಳಗೆ. ಚಕ್ರ ನೀರಿಗೆ ತಾಗುವಾಗ ಅದು ಈ ಲಾಭದ ಪದರದಲ್ಲೇ ಇರುತ್ತದೆ.

ಇನ್ನರ್ಧ ಏನೆಂದರೆ, ಅದೇ ಕಾರಣಕ್ಕೆ ಬಾಲದ ಮೇಲೆ ಬೀಳುವ ಗಾಳಿಯ ದಿಕ್ಕೂ ಬದಲಾಗಿ ಮೂತಿ ತಾನಾಗಿ ಸ್ವಲ್ಪ ಕೆಳಗೆ ಬಾಗಲು ನೋಡುತ್ತದೆ. ಮೆತ್ತೆ ಇದೆ ಅಂತ ಒರಗಿಕೊಳ್ಳುವ ಹಾಗಿಲ್ಲ.

ನಾವು ಕೆರೆಯಲ್ಲಿ ಚಪ್ಪಟೆ ಕಲ್ಲು ಎಸೆದು ಕುಪ್ಪಳಿಸ್ತೀವಲ್ಲ, ಅದೂ ಇದೂ ಒಂದೇನಾ?

ಅಣ್ಣತಮ್ಮಂದಿರು ಅನ್ನಬಹುದು. ಎರಡರಲ್ಲೂ ವೇಗವಾಗಿ ಬಂದ ವಸ್ತುವನ್ನು ನೀರು ಮೇಲಕ್ಕೆ ತಳ್ಳುತ್ತದೆ. ಫ್ರಾನ್ಸಿನ ಲಿಡೆರಿಕ್ ಬೋಕೆ ಮತ್ತು ಜೊತೆಗಾರರು 2004ರಲ್ಲಿ ಕಲ್ಲು ಎಸೆಯುವ ಯಂತ್ರವನ್ನೇ ಮಾಡಿ ಪರೀಕ್ಷಿಸಿದರು. ಕಲ್ಲಿನ ಮೈ ನೀರಿಗೆ ಸುಮಾರು 20 ಡಿಗ್ರಿ ಓರೆಯಾಗಿ ತಾಗಿದರೆ ಅತಿ ಚೆನ್ನಾಗಿ ಪುಟಿಯುತ್ತದೆ ಎಂದು ಕಂಡರು. ವ್ಯತ್ಯಾಸವೂ ಇದೆ. ಕಲ್ಲಿಗೆ ಎಂಜಿನ್ ಇಲ್ಲ, ಪ್ರತಿ ಪುಟಿತಕ್ಕೂ ವೇಗ ಕಳೆದುಕೊಂಡು ಕೊನೆಗೆ ಮುಳುಗುತ್ತದೆ. ಮತ್ತೆ, ಕಲ್ಲು ಪುಟಿಯಬೇಕು. ವಿಮಾನ ಪುಟಿದರೆ ಅದು ಪೈಲಟ್‌ನ ತಪ್ಪು.

ರನ್‌ವೇ ಸೂತ್ರವನ್ನು ಆಳದ ನೀರಿಗೂ ಹಾಕಬಹುದಾ? ಚಕ್ರ ಅಲ್ಲಿ ತಿರುಗುತ್ತಾ, ನಿಂತಿರುತ್ತಾ?

ಹಾಗೇ ಎತ್ತಿ ಹಾಕಲಾಗುವುದಿಲ್ಲ. ಆ ಸೂತ್ರ ಗಟ್ಟಿ ನೆಲದ ಮೇಲಿನ ತೆಳು ನೀರಿಗೆ. ಅಲ್ಲಿ ಟೈರ್ ಎಷ್ಟು ಒತ್ತಿದರೂ ಕೆಳಗೆ ಕಾಂಕ್ರೀಟ್ ಇದೆ. ಅಣೆಕಟ್ಟೆಯಲ್ಲಿ ಕೆಳಗೆ ಇನ್ನಷ್ಟು ನೀರೇ. ಹಾಗಾಗಿ ಇಲ್ಲಿ ನೇರವಾಗಿ ನೀರಿನ ಬಡಿತದ ಲೆಕ್ಕ ಹಾಕುವುದು ಒಳ್ಳೆಯದು. 80 ನಾಟ್ ವೇಗದ ನೀರನ್ನು ಎದುರಿನಿಂದ ತಡೆದು ನಿಲ್ಲಿಸಿದರೆ ಅದರ ಒತ್ತಡ ಒಂದು ಚದರ ಸೆಂಟಿಮೀಟರಿಗೆ ಎಂಟೂವರೆ ಕಿಲೋಗೂ ಮೇಲೆ. ಸವರಿಕೊಂಡು ಹೋಗುವ ಚಕ್ರಕ್ಕೆ ಅದರಲ್ಲಿ ಒಂದು ಪಾಲು ಮಾತ್ರ ಸಿಗುತ್ತದೆ, ಆದರೂ ಅಂಗೈ ಅಗಲದ ಜಾಗ ಸಾಕು, ನೂರಾರು ಕಿಲೋ ಹೊರಲು. ಅದೇ 40 ನಾಟ್‌ಗೆ ಇಳಿದರೆ ಆ ಎಂಟೂವರೆ ಎರಡಕ್ಕೆ ಇಳಿಯುತ್ತದೆ.

ಚಕ್ರದ ವಿಷಯ ಸ್ವಾರಸ್ಯದ್ದು. ನೀರು ಟೈರಿನ ತಳವನ್ನು ಉಜ್ಜಿ ಅದನ್ನು ತಿರುಗಿಸಲು ನೋಡುತ್ತದೆ. ಅದೇ ಹೊತ್ತಿಗೆ ಟೈರಿನ ಮುಂಭಾಗಕ್ಕೆ ಬಡಿದು, ಅಚ್ಚಿನ ಮುಂದುಗಡೆಯಿಂದ ಮೇಲಕ್ಕೆ ತಳ್ಳಿ, ತಿರುಗುವುದನ್ನು ತಡೆಯುತ್ತದೆ. ಯಾವುದು ಗೆಲ್ಲುತ್ತದೆ ಎಂಬುದು ವೇಗ, ಆಳ, ಟೈರಿನ ಆಕಾರದ ಮೇಲೆ ನಿಂತಿದೆ. ನಾಸಾದ ಪ್ರಯೋಗಗಳಲ್ಲಿ ಬ್ರೇಕ್ ಮುಟ್ಟದಿದ್ದರೂ, ವಿಮಾನದ ಟೈರ್ ನೀರಿನ ಮೇಲೇರಿದ ಮೇಲೆ ನಿಧಾನವಾಗುತ್ತಾ ಬಂದು ತಾನಾಗಿ ನಿಂತೇಬಿಟ್ಟಿತು.